ಮೇಮೆಯ ಕಣಿವೆಯಲ್ಲಿ ಅತ್ತೆಯೊಂದಿಗೆ ಒಂದು ದಿನ

ತಗ್ಗಿನಹಟ್ಟಿ, ಛುತ್ಸನ್ ಕಣಿವೆ, ಲಡಾಖ್
ಫೆಬ್ರವರಿ ೩೦, ೨೨೩೧

ಪ್ರೀತಿಯ ಹುಲಿಗೆವ್ವಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ಕೈತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದಾರು ದಿನಗಳಿಗೆ ಮಿಕ್ಕದಿನಗಳೆಂದು ಹೆಸರು; ಆಗ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಕನ್ನಡವೂ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸೀತು. ಇನ್ನೂರು ವರ್ಷಗಳಲ್ಲಿ ಮಾತು ಎಷ್ಟೋ ಸವೆದಿದೆ, ಎಷ್ಟೋ ಹೊಸದು ಅಂಟಿಕೊಂಡಿದೆ. ಹೊಸ ಪದ ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ಎಲ್ಲಾದರೂ ಮರೆತರೆ ಮೊಮ್ಮಗಳ ತಪ್ಪೆಂದು ಹೊಟ್ಟೆಗೆ ಹಾಕಿಕೊಳ್ಳಿ.

ಅರವತ್ತು ತುಂಬಿದವರು ತಮ್ಮ ಹಿಂದಿನ ಆರನೆಯ ತಲೆಮಾರಿಗೆ ಒಂದು ಕಾಗದ ಬರೆದು ಊರಿನ ಗ್ರಂಥಾಲಯದಲ್ಲಿ ಇಡುವುದು ನಮ್ಮಲ್ಲಿ ರೂಢಿ. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ತಲುಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಬರೆಯುವಾಗ ಯಾರೂ ಸುಳ್ಳು ಬರೆಯುವುದಿಲ್ಲ. ಸತ್ತವರಿಗೆ ಬರೆಯುವುದಕ್ಕಿಂತ ಇದು ಬೇರೆ. ನೀವು ಇನ್ನೂ ಬದುಕಿರುವ ದಿನಕ್ಕೆ ನಾನು ಬರೆಯುತ್ತಿದ್ದೇನೆ. ನಿಮ್ಮ ಬಗ್ಗೆ ನನಗೆ ತಿಳಿದಿರುವುದು ತೀರ ಕಡಿಮೆ: ಲಿಂಗಸುಗೂರಿನ ಬಸ್ ನಿಲ್ದಾಣದ ಎದುರು ರೊಟ್ಟಿ ಕೇಂದ್ರ ನಡೆಸುತ್ತಿದ್ದಿರಿ, ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಿರಿ. ಎರಡನೆಯದು ಒಂದು ಚಿತ್ರದಲ್ಲಿ ಕಂಡದ್ದು. ನಾವೂ ಜೋಳದ ರೊಟ್ಟಿಯನ್ನೇ ತಿನ್ನುತ್ತೇವೆ, ಸಮುದ್ರಮಟ್ಟದಿಂದ ಹದಿನಾಲ್ಕು ಸಾವಿರ ಅಡಿ ಮೇಲೆ, ಗಾಜಿನ ಮನೆಯಲ್ಲಿ ಬೆಳೆದ ಜೋಳದ್ದು. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ರಾಯಚೂರಿನ ಬಿಸಿಲು ತಡೆಯಲಾರದಷ್ಟಾಯಿತು. ಗಣಿಯಲ್ಲಿ ಕಲ್ಲು ಕೊರೆದು ಗೊತ್ತಿದ್ದ ನಮ್ಮ ಕಡೆಯ ಜನಕ್ಕೆ ಲಡಾಖಿನಲ್ಲಿ ನೆಲ ಕೊರೆಯುವ ಕೆಲಸ ಸಿಕ್ಕಿತು. ಹಾಗೆ ಬಂದು ಇಲ್ಲಿ ನಿಂತೆವು.

ನಿಮಗೆ ಹೇಳಬೇಕೆಂದುಕೊಂಡಿರುವುದು ಹೋದ ಸೆಪ್ಟೆಂಬರಿನ ಒಂದು ದಿನದ ಸಂಗತಿ. ಅಂದು ನಾನೂ ನನ್ನ ಅತ್ತೆ ದುರುಗವ್ವನೂ ನಮ್ಮೂರ ಮೇಲಿರುವ ರಾಷ್ಟ್ರೀಯ ಉದ್ಯಾನಕ್ಕೆ ಬಿಸಿನೀರಿನ ಬುಗ್ಗೆಗಳನ್ನು ನೋಡಲು ಹೋಗಿದ್ದೆವು.

ಬುಗ್ಗೆ ಎಂದರೆ ನಿಮಗೆ ಗೊತ್ತು. ನೆಲದೊಳಗಿನ ಬೆಂಕಿಗೆ ಕಾದ ನೀರು ಉಕ್ಕುವ ಜಾಗ. ಕೆಲವು ಬುಗ್ಗೆಗಳು ಸುಮ್ಮನೆ ಉಕ್ಕದೆ, ತಡೆದು ತಡೆದು, ಒಮ್ಮೆಗೇ ಆಕಾಶಕ್ಕೆ ಹಾರುತ್ತವೆ. ಅವಕ್ಕೆ ನಾವು ಹಾರುಬುಗ್ಗೆ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅದಕ್ಕೆ ಗೀಸರ್ ಎಂಬ ಹೆಸರಿತ್ತಂತೆ, ಬಚ್ಚಲುಮನೆಯ ಗೋಡೆಗೆ ನೇತುಹಾಕಿ ನೀರು ಕಾಯಿಸುವ ಡಬ್ಬಕ್ಕೂ ಅದೇ ಹೆಸರಂತೆ. ಇದನ್ನು ಓದಿದ ದಿನ ನಾನೂ ನನ್ನ ಗಂಡ ಮೌನೇಶನೂ ಬಿದ್ದುಬಿದ್ದು ನಕ್ಕಿದ್ದೆವು. ನಮ್ಮ ಕಣಿವೆಯ ದೊಡ್ಡ ಹಾರುಬುಗ್ಗೆಯ ಹೆಸರು ಮೇಮೆ. ಲಡಾಖಿ ಮಾತಿನಲ್ಲಿ ಹಾಗೆಂದರೆ ಅಜ್ಜ. ಹಿಂದೆ ದಿನಕ್ಕೆ ಮೂರು ಸಲ ಆರಾಳು ಎತ್ತರಕ್ಕೆ ಹಾರುತ್ತಿದ್ದ ಮೇಮೆ ಐವತ್ತಾರು ವರ್ಷಗಳ ಹಿಂದೆ ನಿಂತುಹೋದ. ನಮ್ಮವರು ಊರಿಗೆ ಶಾಖ ತರಲು ತೋಡಿದ ಬಾವಿಗಳು ಅವನ ಕಸುವನ್ನೆಲ್ಲ ಹೀರಿಕೊಂಡವು. ಆ ಬಾವಿಗಳನ್ನು ಮುಚ್ಚಿ ಮೂವತ್ತೈದು ವರ್ಷವಾಯಿತು. ಈಗ ಊರಿನ ಶಾಖವೆಲ್ಲ ಬಿಸಿಲಿನಿಂದಲೇ ಬರುತ್ತದೆ. ಸಣ್ಣ ಬುಗ್ಗೆಗಳು ಒಂದೊಂದಾಗಿ ಮರಳಿದವು. ಹೋದ ವರ್ಷ ಮೇಮೆಯ ಬಾಯಲ್ಲೂ ಆವಿ ಕಾಣಿಸಿಕೊಂಡಿತು. ಉದ್ಯಾನದವರು ಎದುರಿಗೆ ಒಂದು ಅಟ್ಟಣಿಗೆ ಕಟ್ಟಿ, ಅದು ತೆರೆಯುವ ದಿನಕ್ಕೆ ಹಳೆಯ ಕೊರೆಗಾರರನ್ನೆಲ್ಲ ಕರೆದರು. ಬದುಕುಳಿದ ಕೊರೆಗಾರರು ಯಾರೆಂದರೆ ನಮ್ಮ ಅತ್ತೆ ಒಬ್ಬರೇ.

ಆಮಂತ್ರಣದ ಜೊತೆ ಅಟ್ಟಣಿಗೆಯ ಒಂದು ಚಿತ್ರ ಬಂದಿತ್ತು. ಅತ್ತೆ ನಾಲ್ಕು ದಿನ ಅದನ್ನು ಕೈಯಿಂದ ಬಿಡಲಿಲ್ಲ. ಖುಷಿಗೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಐದನೆಯ ದಿನ ಅಟ್ಟಣಿಗೆ ತೆರೆಯುವುದಿತ್ತು; ಬೆಳಗಾಗುವಷ್ಟರಲ್ಲಿ ಅವರು ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು, ಗುರೆಳ್ಳು ಚಟ್ನಿಪುಡಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅತ್ತಿ, ಅಷ್ಟ ಎತ್ತರಕ್ಕ ನಿಮ್ಮ ಉಸಿರು ತಡೀತೈತೇನ್ರಿ?" ಎಂದೆ.

"ಉಸಿರು ನಂದು. ನಿನಗ್ಯಾಕ ಅದರ ಚಿಂತಿ? ತತ್ತಿ ತಗೊ, ಎಂಟು. ಉದ್ಯಾನದ ಫುಂಚೋಕಗೂ ಎರಡು ಬೇಕಾಗ್ತಾವು."

ಎಂಬತ್ತೇಳು ವರ್ಷದ ಅತ್ತೆಗೂ ಅರವತ್ತಕ್ಕೆ ಹತ್ತಿರವಾದ ಸೊಸೆಗೂ ಹೊಂದಿಕೆ ಬರಲು ಎಷ್ಟು ಕಾಲ ಬೇಕು ಎಂದು ನೀವು ಕೇಳಬಹುದು. ನಮಗೆ ಹನ್ನೊಂದು ವರ್ಷ ಹಿಡಿಯಿತು. ಆಮೇಲಿನ ಇಪ್ಪತ್ತೈದು ವರ್ಷ ನಾವು ಒಬ್ಬರನ್ನೊಬ್ಬರು ಬಿಟ್ಟು ಊಟಕ್ಕೆ ಕೂತಿಲ್ಲ.

ಹಗ್ಗಗಾಡಿಯಲ್ಲಿ, ಅಂದರೆ ತಂತಿಯ ಮೇಲೆ ತೂಗಿಕೊಂಡು ಹೋಗುವ ಡಬ್ಬಿಯಲ್ಲಿ, ಕೂತು ಮೇಲೆ ಹೋದೆವು. ಕೆಳಗೆ ಕಾಡುಕತ್ತೆಗಳ ಹಿಂಡು, ಒಣಹುಲ್ಲು, ಬಿಳಿಯ ಉಪ್ಪುಮಣ್ಣು. ಉದ್ಯಾನದ ಬಾಗಿಲಲ್ಲಿ ಎಲ್ಲರಿಗೂ ಕೂಗುಮೆಟ್ಟು ಕೊಡುತ್ತಾರೆ. ಇದು ಒಂದು ಬಗೆಯ ಪಾದರಕ್ಷೆ. ಬುಗ್ಗೆಗಳ ಸುತ್ತ ನೆಲ ಹಪ್ಪಳದ ಹಾಗೆ ತೆಳ್ಳಗಿರುತ್ತದೆ, ಕೆಳಗೆ ಕುದಿನೀರು. ಅಂಥ ಕಡೆ ಕಾಲಿಡಲು ಹೋದರೆ ಮೆಟ್ಟು ನಾಯಿಮರಿಯಂತೆ ಕುಂಯ್ ಎಂದು ಕೂಗುತ್ತದೆ. ಅತ್ತೆಯ ಮೆಟ್ಟು ಬಾಗಿಲಲ್ಲೇ ಒಮ್ಮೆ ಕೂಗಿತು. "ನನಗ ಬೈತೈತಿ ಇದು," ಎಂದರು.

ನಮ್ಮನ್ನು ಕರೆದುಕೊಂಡು ಹೋಗಲು ಬಂದವನು ಫುಂಚೋಕ್, ಉದ್ಯಾನದ ಕಾವಲುಗಾರ. ಐವತ್ತರ ಆಸುಪಾಸಿನವನು. ತಗ್ಗಿನಹಟ್ಟಿಯಲ್ಲಿ ನಮ್ಮವರ ಮಕ್ಕಳ ಜೊತೆ ಆಡಿ ಬೆಳೆದವನಾದ್ದರಿಂದ ನಮ್ಮಂತೆಯೇ ಮಾತಾಡುತ್ತಾನೆ. ಅತ್ತೆಯನ್ನು ಮಾತ್ರ ಲಡಾಖಿಯಲ್ಲಿ ಅಬಿಲೆ ಎನ್ನುತ್ತಾನೆ. ಅಜ್ಜಿಯವರೇ ಎಂದು ಅದರ ಅರ್ಥ.

ಆ ಬೆಳಗನ್ನು ನಿಮಗೆ ಹೇಗೆ ತೋರಿಸಲಿ? ಮೊದಲು ನೀಲಿಮಡು ಸಿಕ್ಕಿತು. ಮನೆಯಷ್ಟಗಲದ ಬಾವಿ, ತಳ ಕಾಣದಷ್ಟು ಆಳ, ನವಿಲಿನ ಕುತ್ತಿಗೆಯ ಬಣ್ಣದ ನೀರು. ಅಂಚಿನ ಸುತ್ತ ಕಿತ್ತಳೆ, ಅರಿಸಿನ, ಪಾಚಿಹಸಿರು ಉಂಗುರಗಳು. ಆ ಬಣ್ಣಗಳೆಲ್ಲ ಕಣ್ಣಿಗೆ ಕಾಣದ ಜೀವಿಗಳಂತೆ, ಒಂದೊಂದು ಬಿಸಿಗೆ ಒಂದೊಂದು ಜಾತಿ. ಅದರಾಚೆ ಗಂಜಿಮಡು: ಬೂದುಬಣ್ಣದ ಕೆಸರು ಥೇಟ್ ರಾಗಿಗಂಜಿಯ ಹಾಗೆ ಗುಳುಗುಳು ಎಂದು ಕುದಿಯುತ್ತಾ, ಆಗಾಗ ಒಂದು ಗುಳ್ಳೆ ಉಬ್ಬಿ ಒಡೆದು ನಮ್ಮ ಕಡೆ ಉಗುಳುತ್ತಿತ್ತು. ಗಾಳಿಯಲ್ಲಿ ಗಂಧಕದ ವಾಸನೆ. ಅತ್ತೆ ಮೂಗು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯಲ್ಲಿ ಅವರ ಯೌವನ ಇತ್ತು. ಚಿಕ್ಕ ಹಾರುಬುಗ್ಗೆಯೊಂದು ಪ್ರತಿ ಹತ್ತು ನಿಮಿಷಕ್ಕೆ ಸೊಂಟದೆತ್ತರ ಹಾರಿ ಇಳಿಯುತ್ತಿತ್ತು. ಅತ್ತೆ ಮೂರು ಸಲ ನಿಂತು ನೋಡಿ, ಮೂರೂ ಸಲ ಹೊಸದಾಗಿ ಬೆಚ್ಚಿದರು.

ಬೇಯಿಸುವ ಮಡುವಿನಲ್ಲಿ ತತ್ತಿಗಳನ್ನು ಬಲೆಚೀಲದಲ್ಲಿ ಹಾಕಿ ಇಳಿಬಿಟ್ಟೆವು. ನಮ್ಮ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿಯಲ್ಲಿ ಬಿಸಿ ಸಾಲದು. ಕೈ ಸುಡುತ್ತದೆ, ತತ್ತಿ ಬೇಯಲು ಇಪ್ಪತ್ತು ನಿಮಿಷ ಬೇಕು. ಕಾಯುತ್ತಾ ಕೂತಾಗ ಫುಂಚೋಕ್ ತನ್ನ ತಾಯಿಯ ಮಾತು ತೆಗೆದ. ಅವರ ಮನೆತನ ತಲೆತಲಾಂತರದಿಂದ ಇದೇ ಕಣಿವೆಯಲ್ಲಿತ್ತು. ಬುಗ್ಗೆಯ ಬಿಸಿಮಣ್ಣಿನಲ್ಲಿ ಚಳಿಗಾಲದಲ್ಲೂ ಮೂಲಂಗಿ, ಸೊಪ್ಪು ಬೆಳೆಯುತ್ತಿದ್ದರು. ಹುಟ್ಟಿದ ಕೂಸಿಗೆ ಮೊದಲ ಸ್ನಾನ ಮೇಮೆಯ ನೀರಿನಲ್ಲಿ. ಮೇಮೆ ನಿಂತ ಮೇಲೆ ಮಣ್ಣು ತಣ್ಣಗಾಯಿತು, ಅವರು ತಗ್ಗಿಗೆ ಇಳಿದು ನಮ್ಮವರ ಮನೆಗಳಲ್ಲಿ ಪಾತ್ರೆ ತೊಳೆದರು.

"ನಾ ಹುಟ್ಟೂದ್ರಾಗ ಮೇಮೆ ನಿಂತಿದ್ದ. ಅವನ ದನಿ ನಾ ಕೇಳೇ ಇಲ್ಲ," ಎಂದ ಫುಂಚೋಕ್. "ನಮ್ಮವ್ವ ಅಗದಿ ಅವನಂಗ ಕೂಗಿ ತೋರಸ್ತಿದ್ಲು. ಆ ಅಟ್ಟಣಿಗಿ ಐತಲ್ರಿ, ಅದರ ಹಲಗಿ ಒಂದೊಂದೂ ನಾನ ಕುಂದರಿಸಿದ್ದು."

ಅತ್ತೆ ಸುಲಿಯುತ್ತಿದ್ದ ತತ್ತಿಯನ್ನು ಕೆಳಗಿಟ್ಟರು. ತಿನ್ನಲಿಲ್ಲ.

ಅಟ್ಟಣಿಗೆ ಚೆಂದವಾಗಿತ್ತು. ಕಬ್ಬಿಣದ ಕಂಬಗಳ ಮೇಲೆ ಆಳೆತ್ತರದಲ್ಲಿ ಹಾಸಿದ ಹಲಗೆ, ಸುತ್ತ ಕಟಾಂಜನ. ಅಲ್ಲಿಂದ ಮೇಮೆಯ ಬಿಳಿಯ ಕಲ್ಲುಬಾಯಿ ಇನ್ನೂರು ಹೆಜ್ಜೆ ದೂರ. ಆಗಲೇ ಐವತ್ತು ಮಂದಿಯಾದರೂ ಸೇರಿದ್ದರು, ಮಡಚುಕುರ್ಚಿ ತಂದವರು, ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡವರು. ನಾನು ಮೆಟ್ಟಿಲು ಹತ್ತಿ ತಿರುಗಿ ನೋಡಿದರೆ ಅತ್ತೆ ಹಿಂದಿಲ್ಲ. ದೂರದ ಒಂದು ಕರಿಬಂಡೆಯ ಬಳಿ ನಿಂತು, ಬೆನ್ನನ್ನು ಅದಕ್ಕೆ ಒತ್ತಿ, ಅಲ್ಲಿಂದ ಒಂದೊಂದೇ ಹೆಜ್ಜೆ ಎಣಿಸುತ್ತಾ ಬರುತ್ತಿದ್ದರು. ತುಟಿ ಅಲುಗುತ್ತಿತ್ತು. ಹೆಜ್ಜೆಗಳು ಅವರನ್ನು ಅಟ್ಟಣಿಗೆಯ ಕೆಳಕ್ಕೇ ತಂದು ನಿಲ್ಲಿಸಿದವು. ಅಲ್ಲಿ ಅವರು ಒಂದು ಕಂಬ ಮುಟ್ಟಿದರು, ಇನ್ನೊಂದು ಮುಟ್ಟಿದರು. ಮೂರನೆಯದನ್ನು, ನಡುಗಂಬವನ್ನು, ಮುಟ್ಟಿದ ಕೈ ಹಿಂದಕ್ಕೆಳೆದುಕೊಂಡರು.

ನಾನೂ ಫುಂಚೋಕನೂ ಓಡಿ ಇಳಿದೆವು.

"ಫುಂಚೋಕಪ್ಪಾ, ಈ ಕಂಬ ಯಾವಾಗಿಂದ ಸುಡಾಕತ್ತೈತಿ?"

"ನಾಕೈದ್ ದಿನ ಆತ್ರಿ ಅಬಿಲೆ. ಮೇಮೆಗೆ ಎಚ್ಚರ ಆಗಾಕತ್ತೈತಲ್ರಿ, ಅದಕ್ಕ."

"ಉಳಿದ ಕಂಬ ತಣ್ಣಗದಾವು. ಮುಟ್ಟಿ ನೋಡು."

ಅವನು ಮುಟ್ಟಿ ನೋಡಿದ. ಅವನ ಮುಖದಲ್ಲಿನ ನಗು ಅರ್ಧಕ್ಕೆ ನಿಂತಿತು.

"ಮಂದೀನ ಇಳಸು," ಎಂದರು ಅತ್ತೆ. "ಈಗಿಂದೀಗ. ಇದರ ಬುಡಕ ಏಳನೇ ಬಾವಿ ಐತಿ."

"ಏನಂತ ಹೇಳ್ತೀರಿ? ಏಳನೇ ಬಾವಿ ಆ ದಿಬ್ಬದ ಆಚಿಗೆ ಐತ್ರಿ. ನಕಾಶದಾಗ ಐತಿ. ನಾನ ಹೋಗಿ ಅಳದೀನಿ."

"ನೀ ಅಳದದ್ದು ಒಣಬಾವಿ. ನಕಾಶದಾಗ ಸುಳ್ಳ ಬರದೈತಿ." ಅತ್ತೆಯ ಉಸಿರು ಸಾಲುತ್ತಿರಲಿಲ್ಲ, ಆದರೂ ಕಣ್ಣು ಅವನ ಮುಖದ ಮೇಲಿಂದ ಸರಿಯಲಿಲ್ಲ. "ಬರದಾಕಿ ನಾನ."

ಅಜ್ಜಿ, ಮೂವತ್ತಾರು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿಲ್ಲದ ಸಂಗತಿಯನ್ನು ಅವರು ಆಗ ನಾಲ್ಕೇ ಮಾತಿನಲ್ಲಿ ಹೇಳಿದರು. ಮೇಮೆಯಿಂದ ನಾನೂರು ಮೀಟರಿನೊಳಗೆ ಕೊರೆಯಕೂಡದು ಎಂಬ ನಿಯಮವಿತ್ತು. ಆ ಚಳಿಗಾಲ ಅವರ ತಂಡ ದಿಬ್ಬದಾಚೆ ಕೊರೆದ ಎರಡು ಬಾವಿಯೂ ಒಣಗಿದ್ದವು. ತಗ್ಗಿನಲ್ಲಿ ಚಳಿಗೆ ಹನ್ನೊಂದು ಜನ ತೀರಿಕೊಂಡಿದ್ದರು. ತಂಡದ ಮುಖ್ಯಸ್ಥೆಯಾಗಿದ್ದ ಅತ್ತೆ ಯಂತ್ರವನ್ನು ಮೇಮೆಯ ಹತ್ತಿರಕ್ಕೆ ಸರಿಸಿದರು. ಮೂರೇ ದಿನದಲ್ಲಿ ಶಾಖ ಸಿಕ್ಕಿತು. ದಾಖಲೆಯಲ್ಲಿ ಮಾತ್ರ ದಿಬ್ಬದಾಚೆಯ ಜಾಗ ಬರೆದರು. ಮೂರು ತಿಂಗಳಿಗೆ ಮೇಮೆ ನಿಂತ. ತನಿಖೆಗೆ ಜನ ಬರುವ ಸುದ್ದಿ ಸಿಕ್ಕಾಗ ಬಾವಿಯ ಬಾಯಿಗೆ ಒಂದಿಷ್ಟು ಸಿಮೆಂಟು ಸುರಿದು, ಪೈಪನ್ನು ನೆಲದ ಕೆಳಗೇ ಕತ್ತರಿಸಿ, ಮೇಲೆ ಉಪ್ಪುಮಣ್ಣು ಎಳೆದರು. ಒಣಬಾವಿಯೊಂದನ್ನು ಏಳನೆಯದೆಂದು ತೋರಿಸಿದರು. ಆಮೇಲೆ ಬೇರೆಯವರು ದೂರದಲ್ಲಿ ಇನ್ನಷ್ಟು ಬಾವಿ ತೋಡಿದ್ದರಿಂದ ಮೇಮೆ ಏಳಲಿಲ್ಲ; ಹಳೆಯದನ್ನು ಯಾರೂ ಕೆದಕಲಿಲ್ಲ. ಗೊತ್ತಿದ್ದವರು ನಾಲ್ವರು. ಮೂವರು ಸತ್ತಿದ್ದರು.

"ಚಿತ್ರದಾಗ ನೋಡಿದಾಗಿಂದ ಅನುಮಾನ ಇತ್ತು, ಹೆಜ್ಜಿ ಎಣಿಸಿದ ಮ್ಯಾಲ ಖಾತ್ರಿ ಆತು. ಈಗ ಕೆಳಗ ಒತ್ತಡ ಏರಾಕತ್ತೈತಿ. ಮೇಮೆಗಿಂತ ಮೊದಲ ಅದಕ್ಕ ಈ ದಾರಿ ಸಿಗತೈತಿ. ಆ ಸಿಮೆಂಟಿನ ಮ್ಯಾಲ ನನಗ ನಂಬಿಕಿ ಇಲ್ಲ. ಹಾಕಿದಾಕಿ ನಾನ ಅಲ್ಲೇನು?"

ಫುಂಚೋಕ್ ಕಚೇರಿಗೆ ಕರೆ ಮಾಡಿದ. ಅಲ್ಲಿನ ಅಧಿಕಾರಿಯ ದನಿ ನಮಗೂ ಕೇಳಿಸಿತು. ನಕಾಶೆ ಸ್ಪಷ್ಟವಾಗಿದೆ, ಅಷ್ಟು ವಯಸ್ಸಾದವರಿಗೆ ಎತ್ತರದಲ್ಲಿ ತಲೆ ಕೆಡುವುದುಂಟು, ತೆರೆಯುವ ದಿನವನ್ನು ಹಾಳು ಮಾಡಬೇಡ, ನಾಳೆ ಅಳತೆಯವರನ್ನು ಕಳಿಸುತ್ತೇನೆ ಎಂದರು ಅವರು. ಕರೆ ಮುಗಿಸಿದ ಫುಂಚೋಕ್ ಅತ್ತೆಯನ್ನು ನೋಡುತ್ತಾ ನಿಂತ. ಆಮೇಲೆ ಮೆಟ್ಟಿಲು ಹತ್ತಿ, ಕೈ ತಟ್ಟಿ, ಎಲ್ಲರೂ ದಯಮಾಡಿ ಇಳಿದು ಬೇಯಿಸುವ ಮಡುವಿನ ಬಳಿಗೆ ಬರಬೇಕೆಂದು ಕೂಗಿದ.

ಜನ ಗೊಣಗಿದರು. ಒಳ್ಳೆಯ ಜಾಗ ಹಿಡಿಯಲೆಂದು ಬೆಳಗಿನಿಂದ ಕೂತಿದ್ದ ಒಬ್ಬ ಹೆಂಗಸು, "ಯಾರ ಮಾತು ಕೇಳಿ ಹಿಂಗ ಮಾಡಾಕತ್ತಿ?" ಎಂದು ರೇಗಿದಳು. ಫುಂಚೋಕ್ ಅವಳ ಕುರ್ಚಿಯನ್ನು ತಾನೇ ಮಡಚಿ ಹೊತ್ತು ತಂದ. ಕೊನೆಯ ಕೂಸು ಇಳಿಯುವವರೆಗೆ ಅತ್ತೆ ಆ ಕಂಬದ ಬಳಿಯಿಂದ ಕದಲಲಿಲ್ಲ. ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು.

ಒಂದು ಗಂಟೆ ಕಳೆಯಿತು. ಏನೂ ಆಗಲಿಲ್ಲ. ಸೂರ್ಯ ನೆತ್ತಿಗೆ ಬಂದ. ಜನ ಅತ್ತೆಯ ಕಡೆ ಬೆರಳು ಮಾಡಿ ಪಿಸುಗುಟ್ಟತೊಡಗಿದರು. ಇಬ್ಬರು ಯುವಕರು ನಗುತ್ತಾ ಅಟ್ಟಣಿಗೆಯತ್ತ ಹೊರಟಾಗ ಫುಂಚೋಕ್ ದಾರಿಗೆ ಅಡ್ಡ ನಿಂತ. ನನ್ನೊಳಗೂ ಅನುಮಾನ ಎದ್ದಿತ್ತು, ನಿಮಗೆ ಸುಳ್ಳು ಹೇಳಲಾರೆ. ಅತ್ತೆ ಒಂದು ಕಲ್ಲಿನ ಮೇಲೆ ಮುದುಡಿ ಕೂತಿದ್ದರು.

"ಏನೂ ಆಗದಿದ್ರ ಚಲೋ ನೀಲಾ," ಎಂದರು ಮೆಲ್ಲಗೆ. "ಹುಚ್ಚಿ ಅನಸ್ಕೊಂಡು ಮನಿಗಿ ಹೋಗೂಣು. ನನಗ ಅಷ್ಟ ಸಾಕು."

ಆಗ ನೆಲದೊಳಗೆ ಯಾರೋ ದೊಡ್ಡ ಹಂಡೆ ಉರುಳಿಸಿದ ಸದ್ದಾಯಿತು. ಐವತ್ತು ಜನರ ಕೂಗುಮೆಟ್ಟುಗಳೂ ಒಟ್ಟಿಗೆ ಕೂಗಿಕೊಂಡವು. ಎಲ್ಲರೂ ಅಟ್ಟಣಿಗೆಯತ್ತ ತಿರುಗಿದಾಗ ಅದರ ನಡುಗಂಬ ಮೊಳಕೆಯ ಹಾಗೆ ಮೇಲೇಳುತ್ತಿತ್ತು. ಮರುಗಳಿಗೆ ಹಲಗೆಗಳು ಸಿಡಿದು ಆಕಾಶಕ್ಕೆ ಹಾರಿದವು. ಮೊದಲು ತುಕ್ಕುಬಣ್ಣದ ನೀರು, ಕಲ್ಲು, ಸಿಮೆಂಟಿನ ತುಂಡು. ಹಿಂದೆಯೇ ಬೆಳ್ಳಗಿನ ಆವಿಯ ಕಂಬ, ಹತ್ತಾಳೆತ್ತರ, ಕಿವಿ ಕಿವುಡಾಗುವ ಮೊರೆತ. ಕಾಲು ಗಂಟೆ ಅದು ನಿಲ್ಲಲಿಲ್ಲ. ನಿಂತಾಗ ಅಟ್ಟಣಿಗೆಯ ಜಾಗದಲ್ಲಿ ಸೊಟ್ಟಗಾದ ನಾಲ್ಕು ಕಂಬ ಉಳಿದಿದ್ದವು. ರೇಗಿದ್ದ ಹೆಂಗಸು ತನ್ನ ಕೂಸನ್ನು ಎದೆಗೆ ಅವುಚಿಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಳು. ಯಾರಿಗೂ ಒಂದು ಬೊಬ್ಬೆಯೂ ಎದ್ದಿರಲಿಲ್ಲ.

ಜನರನ್ನೆಲ್ಲ ಹಗ್ಗಗಾಡಿಗೆ ಕಳಿಸಿ ಫುಂಚೋಕ್ ನಮ್ಮ ಬಳಿ ಬಂದ.

"ನಮ್ಮವ್ವ ಸಾಯೂ ಮಟ ಮೇಮೆನ್ ಕಾದ್ಲು," ಎಂದ. "ನಿಮ್ಮ ಮನಿ ಅಂಗಳಾನೂ ಕಸ ಹೊಡದಾಳ್ರಿ ಆಕಿ. ಆವಾಗರ ಒಂದ್ ಮಾತು ಹೇಳಬಾರದಿತ್ತೇನ್ರಿ?"

"ಹೇಳಬೇಕಿತ್ತು," ಎಂದರು ಅತ್ತೆ. "ಹೇಳಲಿಲ್ಲ."

ಅವರು ಕ್ಷಮೆ ಕೇಳಲಿಲ್ಲ. ಕೇಳಿದರೆ ಅವನು ಕೊಡಬೇಕಾಗುತ್ತದಲ್ಲ, ಆ ಭಾರ ಅವನ ಮೇಲೆ ಹಾಕುವುದು ಬೇಡವೆನಿಸಿತು ಎಂದು ಆಮೇಲೆ ನನಗೆ ಹೇಳಿದರು. ಮೂವರೂ ಅಲ್ಲೇ ಕೂತೆವು. ಗಾಳಿ ತಣ್ಣಗೆ ಬೀಸತೊಡಗಿತ್ತು, ಅತ್ತೆಯ ಕಾಲು ಚಳಿಗೆ ಗಡಗಡ ಅದುರುತ್ತಿತ್ತು. ಫುಂಚೋಕ್ ಅದನ್ನು ನೋಡಿದ. ಮುಖ ಗಂಟಿಕ್ಕಿಕೊಂಡೇ ಎದ್ದು, ಅವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬೆಚ್ಚನೆಯ ನೀರು ಹರಿಯುವ ಒಂದು ಸಣ್ಣ ಕಾಲುವೆಯ ದಂಡೆಗೆ ಒಯ್ದು ಕೂರಿಸಿದ. ಮೆಟ್ಟು ಬಿಚ್ಚಿ ಪಾದಗಳನ್ನು ನೀರಿಗಿಳಿಸಿದ.

"ಸಿಟ್ಟು ಹೋಗಿಲ್ರಿ ನಂದು," ಎಂದ.

"ಇರಲಿ. ಇಟ್ಕೊ," ಎಂದರು ಅತ್ತೆ.

ಸಂಜೆ ಮನೆಗೆ ಬಂದು ಅವರು ಟೊಪ್ಪಿಗೆ ತೆಗೆಯುವ ಮೊದಲೇ ಮಗನನ್ನು ಎದುರಿಗೆ ಕೂರಿಸಿಕೊಂಡರು. ಎಲ್ಲ ಹೇಳಿದರು. ಆ ಚಳಿಗಾಲದಲ್ಲಿ ಮೌನೇಶ ಆರು ವರ್ಷದವನು, ಎದೆಯ ಜ್ವರದಿಂದ ಮಲಗಿದ್ದ. ಅದು ಅವನಿಗೆ ನೆನಪಿದೆ.

"ನನ್ನ ಸಲುವಾಗಿ ಮಾಡಿದ್ಯೇನವ್ವಾ?" ಎಂದ.

ಹೌದೆಂದಿದ್ದರೆ ಎಲ್ಲ ಹಗುರಾಗುತ್ತಿತ್ತು. ಅವನೂ ಅದನ್ನೇ ಬಯಸಿದ್ದ ಎಂದು ನನಗೆ ಅನ್ನಿಸಿತು. ಅತ್ತೆ ತಲೆಯಲ್ಲಾಡಿಸಿದರು.

"ನಿನ್ನ ಸಲುವಾಗಿ ಅಂದ್ರ ಅದೂ ಒಂದು ಸುಳ್ಳು. ಎರಡು ಬಾವಿ ಒಣಗಿದ್ವು, ಹೆಂಗಸಿನ ಕೈಗೆ ಯಂತ್ರ ಕೊಟ್ರ ಹಿಂಗ ಅಂತ ಮಂದಿ ನಗಾಕತ್ತಿದ್ರು. ನನಗ ಮೂರನೇದು ಹತ್ತಬೇಕಿತ್ತು. ಚಳಿ ಇತ್ತು, ನೀನೂ ಮಲಗಿದ್ದಿ, ಖರೆ. ಆದ್ರ ಆ ಹೊತ್ತಿನ್ಯಾಗ ನಾ ನೆನಸಿದ್ದು ಆ ನಗೂ ಮಂದೀನ."

ಮೌನೇಶ ಎದ್ದು ಹೋಗಿ ರೊಟ್ಟಿ ಬಿಸಿ ಮಾಡಿ ತಂದು ತಾಯಿಯ ಮುಂದಿಟ್ಟು, ತಾನೂ ಒಂದು ತಟ್ಟೆ ಹಿಡಿದು ಪಕ್ಕದಲ್ಲಿ ಕೂತ. ಆ ರೊಟ್ಟಿ ತಿನ್ನುವಾಗ ಅತ್ತೆ ಅತ್ತರು. ಅಲ್ಲಿಯವರೆಗೆ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ವಿಚಾರಣೆ ನಡೆಯಿತು. ಮೂರು ಸಲ ಕರೆದರು, ಮೂರು ಸಲವೂ ಅತ್ತೆ ಹೋದರು. ಊರು ಕಟ್ಟಿದವರ ಹೆಸರು ಕೆತ್ತಿದ ಕಲ್ಲಿನಿಂದ ಅವರ ಹೆಸರನ್ನು ಅಳಿಸಿದರು. ಅವರು ತಕರಾರು ಮಾಡಲಿಲ್ಲ. ಬದಲಿಗೆ ಕಣಿವೆಯ ಹಳೆಯ ಬಾವಿಗಳನ್ನೆಲ್ಲ ಮತ್ತೊಮ್ಮೆ ಗುರುತಿಸಲು ನೆರವಾಗಬೇಕೆಂದು ಉದ್ಯಾನದವರು ಕೇಳಿಕೊಂಡಾಗ ಮರುದಿನವೇ ಹೊರಟರು. ಜೊತೆಗೆ ಫುಂಚೋಕ್. ಮೊದಲ ವಾರ ಇಬ್ಬರೂ ಕೆಲಸದ ಮಾತಷ್ಟೇ ಆಡಿದರು. ಎರಡನೆಯ ವಾರ ಅವನು ಅವರ ಚಟ್ನಿಪುಡಿಯಲ್ಲಿ ಖಾರ ಕಡಿಮೆ ಎಂದ. ಅತ್ತೆ ಮನೆಗೆ ಬಂದು ನನ್ನನ್ನು ಬೈದರು, ಆದರೆ ಮುಖ ಅರಳಿತ್ತು. ತಪ್ಪಾಗಿ ಬರೆದ ಬಾವಿಗಳು ಇನ್ನೂ ಎರಡು ಸಿಕ್ಕವು, ಬೇರೆಯವರವು. ಸೋಲನ್ನು ಮುಚ್ಚಿಡುವ ಹೆಮ್ಮೆ ಅತ್ತೆ ಒಬ್ಬರದೇ ಆಗಿರಲಿಲ್ಲ.

ನವೆಂಬರಿನಲ್ಲಿ ಏಳನೆಯ ಬಾವಿಯನ್ನು ತಳದವರೆಗೆ ತೊಳೆದು ಗಟ್ಟಿಯಾಗಿ ಮುಚ್ಚಿದರು. ಜನವರಿಯ ಎರಡನೆಯ ವಾರ ಫುಂಚೋಕನಿಂದ ಕರೆ ಬಂತು.

"ಅಬಿಲೆ, ಬಂದಾನ್ರಿ. ಮೊಣಕಾಲು ಮಟ ಬಂದಾನ್ರಿ ಮೇಮೆ!"

"ಮೊದಲ ನಿಂತ್ಕೊಳ್ಳಾಕ ಕಲೀಲಿ," ಎಂದರು ಅತ್ತೆ. "ಅವಸರ ಮಾಡಬ್ಯಾಡ ಅಂತ ಹೇಳು ಅವಗ." ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕರೆಗೆ ಕಿವಿಗೊಟ್ಟು ಆ ನೀರಿನ ಸದ್ದು ಕೇಳುತ್ತಾ ಕೂತರು.

ಹುಲಿಗೆವ್ವಜ್ಜಿ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದವರು ನೀರಿಗೆ, ಚಿನ್ನಕ್ಕೆ, ಎಣ್ಣೆಗೆ ನೆಲವನ್ನು ನೂರಾರು ಕಡೆ ಕೊರೆಯುತ್ತಿದ್ದೀರೆಂದು ಓದಿದ್ದೇನೆ. ಕೊರೆಯಬೇಡಿ ಎಂದು ಹೇಳಲು ನನಗೆ ಬಾಯಿಲ್ಲ. ಆ ಬಾವಿಯ ಶಾಖದಲ್ಲಿ ಬದುಕಿದ ಹುಡುಗನನ್ನೇ ನಾನು ಮದುವೆಯಾದೆ. ಆದರೆ ಎಲ್ಲಿ ಕೊರೆದಿರಿ, ಏನು ಹೂತಿರಿ ಎಂಬುದನ್ನು ಇದ್ದದ್ದು ಇದ್ದಂತೆ ಬರೆದಿಡಿ. ನಿಮ್ಮ ಅಂಗಡಿಗೆ ರೊಟ್ಟಿ ತಿನ್ನಲು ಬರುವ ಕೊರೆಗಾರರಿಗೂ ಹೇಳಿ. ಸೋತದ್ದನ್ನೂ ಬರೆಯಲಿ, ನಾಚಿಕೆಯಾದರೂ ಬರೆಯಲಿ. ಆ ಜಾಗದ ಮೇಲೆ ಮುಂದೊಂದು ದಿನ ಯಾರೋ ಪ್ರೀತಿಯಿಂದ ಹಲಗೆ ಹಾಸುತ್ತಾರೆ. ಇನ್ನಾರೋ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಅದರ ಮೇಲೆ ನಿಲ್ಲುತ್ತಾರೆ. ಅವರಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ. ನಿಮ್ಮ ಬರಹವನ್ನು ಮಾತ್ರ ನಂಬಿರುತ್ತಾರೆ.

ನಿಮ್ಮ ಮೈಕೈ ಚೆನ್ನಾಗಿರಲಿ. ಒಲೆಯ ಮುಂದೆ ಬಹಳ ಹೊತ್ತು ಕೂರಬೇಡಿ. ನಿಮ್ಮಿಂದಾಗಿ ನಾವಿದ್ದೇವೆ, ಚೆನ್ನಾಗಿಯೇ ಇದ್ದೇವೆ.

ನಿಮ್ಮ ಆರನೆಯ ತಲೆಮಾರಿನ ಮಗಳು,
ನೀಲವ್ವ ದೋಲ್ಕರ್